ಬಸ್ಸಿನಲ್ಲೇ ಉಳಿದ ಸೋದರತ್ತೆ

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕರಡಮ್ಮ ಎಂದೇ ಕರೆಯುತ್ತಿದ್ದರು. ಅಚ್ಚಿಗೆ ಹೋಗುವ ಕರಡು ತಿದ್ದುವವಳು, ಆದ್ದರಿಂದ ಕರಡಮ್ಮ. ಬೆನ್ನ ಹಿಂದೆ ಅದು ಕರಡಿಯಮ್ಮ ಆಗುತ್ತಿತ್ತು ಎನ್ನುವುದು ಅವಳಿಗೂ ಗೊತ್ತಿತ್ತು. ಒಂದಕ್ಷರ ಹೆಚ್ಚಾದರೂ ಬಿಡುವ ಪೈಕಿ ಅಲ್ಲದವಳು ಈ ಒಂದು ಅಕ್ಷರದ ವಿಷಯದಲ್ಲಿ ಮಾತ್ರ ಹಾಳಾಗಿ ಹೋಗಲಿ ಎಂದು ಬಿಟ್ಟಿದ್ದಳು. ಇಪ್ಪತ್ತೇಳು ವರ್ಷದಿಂದ ಅದೇ ಕಿಟಕಿಯ ಪಕ್ಕ, ಅದೇ ಮೇಜು. ಮೇಜಿನ ಅಂಚಿನಲ್ಲಿ ಕೆಂಪು ಶಾಯಿಯ ಕಲೆಗಳು ಒಂದರ ಮೇಲೊಂದು ಕೂತು ಕಂದುಬಣ್ಣಕ್ಕೆ ತಿರುಗಿದ್ದವು.

ಆ ವರ್ಷ ಊರಿನ ಲೇಖಕರ ಬಳಗ ಒಂದು ಪರಿಚಯ ಕೋಶ ತರುವುದೆಂದು ತೀರ್ಮಾನಿಸಿತು. ಸುತ್ತಮುತ್ತ ಇರುವ ಬರಹಗಾರರೆಲ್ಲರ ಹುಟ್ಟು, ಓದು, ವೃತ್ತಿ, ಪುಸ್ತಕ, ತಲಾ ಅರ್ಧ ಪುಟ. ಬಳಗದ ಅಧ್ಯಕ್ಷರು ನಿವೃತ್ತ ದನದ ಡಾಕ್ಟರು. ಮೂವತ್ತು ವರ್ಷ ಹಸು ಎಮ್ಮೆಗಳ ಹೆರಿಗೆ ಮಾಡಿಸಿ, ನಿವೃತ್ತಿಯಾದ ಮೇಲೆ ಪ್ರೇಮಕವಿತೆಗೆ ಕೈಹಾಕಿದವರು. ಅವರೇ ಪ್ರೆಸ್ಸಿಗೆ ಬಂದು, "ಕರಡಮ್ಮ, ನಮ್ಮವರೆಲ್ಲರ ಜಾತಕ ಬಲ್ಲವಳು ನೀನೊಬ್ಬಳೇ. ಫಾರಂ ಕಳಿಸಿ ತುಂಬಿಸ್ಕೊಂಡು, ಒಂದು ಹದಕ್ಕೆ ತಂದುಕೊಡು" ಎಂದು ಕೆಲಸ ಹೊರಿಸಿ ಹೋದರು.

ಫಾರಂಗಳು ಬರತೊಡಗಿದ ಮೇಲೆ ಕರಡಮ್ಮನಿಗೆ ಒಂದು ವಿಚಿತ್ರ ಕಂಡಿತು. ಎಪ್ಪತ್ಮೂರು ಜನರಲ್ಲಿ ನಲವತ್ತು ಜನ ವೃತ್ತಿ ಎಂಬಲ್ಲಿ 'ಸಾಹಿತ್ಯ ಕೃಷಿ' ಎಂದು ಬರೆದಿದ್ದರು. ಅವರಲ್ಲಿ ಯಾರು ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿಲ್ಲವೇ? ಮಕ್ಕಳ ಪದ್ಯ ಬರೆಯುವವರು ಜೈಲಿನಲ್ಲಿ ವಾರ್ಡರ್. ಹಾಸ್ಯ ಲೇಖನ ಬರೆಯುವವರು ಜನನ ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತರು, ಅದೂ ಮರಣದ ಕೌಂಟರಿನಲ್ಲಿ. ಪತ್ತೇದಾರಿ ಕಾದಂಬರಿಗಳ ಲೇಖಕಿ ಹೆರಿಗೆ ಆಸ್ಪತ್ರೆಯ ನರ್ಸು. ಎರಡು ಪಾಳಿಯ ನಡುವೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತು ಹನ್ನೊಂದು ಕೊಲೆ ಮಾಡಿಸಿದ್ದಳು. ಕರಡಮ್ಮ ಕೆಂಪು ಪೆನ್ನು ತೆಗೆದುಕೊಂಡು ನಲವತ್ತು ಕಡೆ ಕೃಷಿ ಹೊಡೆದುಹಾಕಿ ನಿಜವಾದ ಕೆಲಸ ಬರೆದಳು. ಕೆಲವರು ಮುನಿಸಿಕೊಂಡರು. ಜೈಲಿನ ವಾರ್ಡರ್ ಮಾತ್ರ ಫೋನು ಮಾಡಿ, "ಒಳ್ಳೇದಾಯ್ತು ಬಿಡಿ, ನಾನೇ ಹಾಕೋಣ ಅಂದ್ಕೊಂಡೆ, ಧೈರ್ಯ ಬರ್ಲಿಲ್ಲ" ಎಂದರು.

ಎಪ್ಪತ್ನಾಲ್ಕನೆಯ ಫಾರಂ ಬಂದದ್ದು 'ಎರಡೆಳೆ' ಎಂಬ ಕಾವ್ಯನಾಮದವರಿಂದ. ಎರಡೆಳೆ ಎಂದರೆ ಪೇಟೆಯ ಹಿಂದಿನ ರಸ್ತೆಯ ಟೈಲರ್ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಬಹಳ ಹಿಂದೆ ಇದೇ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯಲ್ಲಿ ಅವರ ಒಂಬತ್ತು ಕಥೆ ಬಂದಿದ್ದವು. ಪತ್ರಿಕೆ ನಿಂತಿತು, ಅವರೂ ನಿಲ್ಲಿಸಿದರು. ಆದರೆ ಒಂದು ಕಥೆ, 'ಕೊನೆಯ ಸೀಟು', ಕಾಲೇಜಿನ ಪಾಠಕ್ಕೆ ಸೇರಿ ಹೆಸರು ಉಳಿಸಿತ್ತು. ಅವರ ಫಾರಂ ನೋಡಿ ಕರಡಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹುಟ್ಟಿದ ವರ್ಷದಲ್ಲಿ ಎರಡು ಇಸವಿಗಳಿದ್ದವು. ಓದು ಎಂಬಲ್ಲಿ 'ಏಳನೇ ತರಗತಿ' ಎಂದು ಒಂದು ಸಾಲು, ಅದರ ಕೆಳಗೆ 'ಇಲ್ಲ' ಎಂದು ಇನ್ನೊಂದು. ವೃತ್ತಿ: 'ಟೈಲರ್', ಅದರ ಕೆಳಗೆ 'ಕಾಜ, ಗುಂಡಿ, ಕೈಹೊಲಿಗೆ'.

ಅಧ್ಯಕ್ಷರಿಗೆ ತೋರಿಸಿದಳು. "ಕಣ್ಣು ಮಂಜಾಗಿರ್ಬೇಕು ಪಾಪ, ಹೋಗಿ ಸರಿಮಾಡಿಸ್ಕೊಂಡು ಬಾ" ಎಂದರು ಅವರು.

ಟೈಲರ್ ಅಂಗಡಿ ಒಂದು ಉದ್ದನೆಯ ಕೋಣೆ. ಮುಂದೆ ಕತ್ತರಿಸುವ ಮೇಜು, ಎರಡು ಮಿಷನ್ನು. ಹಿಂದೆ ಒಂದು ಪರದೆ, ಪರದೆಯಾಚೆ ಮನೆ. ಹಳೆಯ ಉಣ್ಣೆಯ ಕೋಟುಗಳು ತಂತಿಯಿಂದ ತೂಗುತ್ತಿದ್ದವು. ಬಾಗಿಲ ಬೆಳಕಿಗೆ ಬೆನ್ನುಮಾಡಿ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಅಂಗಿಯ ಪಟ್ಟಿಗೆ ಕಾಜ ಹೊಲಿಯುತ್ತಿದ್ದರು. ಟೈಲರಿಗೆ ಅರವತ್ತು ದಾಟಿತ್ತು. ಕೊರಳಲ್ಲಿ ಅಳತೆ ಟೇಪು.

"ಇವರು ನಮ್ಮ ಅತ್ತಿಗೆ" ಎಂದರು. "ನಮ್ಮಣ್ಣ ಹೋದ್ಮೇಲೆ ಅಂಗಡಿ ನಡೆಸಿದ್ದು ನಾವಿಬ್ಬರೇ. ಫಾರಂನಲ್ಲಿ ತಪ್ಪೇನಿಲ್ಲಮ್ಮ. ಕಥೆ ಹೇಳಿದ್ದು ಅವರು, ಬರೆದಿದ್ದು ನಾನು. ಅದಕ್ಕೇ ಎರಡೆಳೆ. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಪುಸ್ತಕ ಅಂತ ಆಗ್ತಿದೆ. ಅದರಲ್ಲಿ ಸುಳ್ಳು ಬೇಡ ಅನ್ನಿಸ್ತು."

ಅತ್ತಿಗೆ ದಾರವನ್ನು ಹಲ್ಲಿನಿಂದ ಕಡಿದು, "ಇವನಿಗೆ ತಲೆ ಕೆಟ್ಟಿದೆ. ಓದೋಕೆ ಬರೋಲ್ಲ ನನಗೆ. ಬರಹಗಾರರ ಸಾಲಿನಲ್ಲಿ ನಾನು ಹೋಗಿ ಕೂತ್ಕೊಂಡ್ರೆ ನಗೋಲ್ವ ಜನ?" ಎಂದರು.

"ಹೇಗೆ ಹೇಳ್ತಿದ್ರಿ ಕಥೆ?" ಎಂದು ಕೇಳಿದಳು ಕರಡಮ್ಮ.

"ಹೇಗೆ ಅಂದ್ರೆ? ಕೈ ಕೆಲಸ ಮಾಡ್ತಿರುತ್ತೆ, ಬಾಯಿ ಸುಮ್ನಿರುತ್ತಲ್ಲ. ನಾನು ಹೇಳ್ತಾ ಹೋಗ್ತಿದ್ದೆ. ಇವನು ಮಿಷನ್ನು ನಿಲ್ಲಿಸಿ ಅಳತೆ ಪುಸ್ತಕದ ಹಿಂದೆ ಗೀಚ್ಕೊಳ್ತಿದ್ದ. ಗಿರಾಕಿ ಬಂದು ನಿಂತಿದ್ರೂ ಗೊತ್ತಾಗ್ತಿರಲಿಲ್ಲ ಇವನಿಗೆ."

"ಅಚ್ಚಾದ ಮೇಲೆ ಓದಿಸಿ ಕೇಳ್ಲಿಲ್ವ?"

"ನಾನೇ ಹೇಳಿದ್ದನ್ನ ನಾನೇ ಏನು ಕೇಳೋದು?"

ಇಸವಿಗಳನ್ನು ತಾಳೆ ನೋಡಲೆಂದು ಕರಡಮ್ಮ ಹಳೆಯ ಪತ್ರಿಕೆಯ ಪುಟಗಳ ಜೆರಾಕ್ಸ್ ತಂದಿದ್ದಳು. ಒಂದನ್ನು ಓದಲೇ ಎಂದು ಕೇಳಿದಳು. ಅತ್ತಿಗೆ ಸೂಜಿಗೆ ಹೊಸ ದಾರ ಪೋಣಿಸುತ್ತ, ಓದು, ಎಂದರು. ಕರಡಮ್ಮ ಆರಿಸಿದ್ದು 'ಕೊನೆಯ ಸೀಟು'. ಅದನ್ನೇ ಆರಿಸಿದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಅವಳು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ಮರುವರ್ಷ, ಆಗಿನ ಹಿರಿಯ ತಿದ್ದುಗಾರರು ಕರಡು ನೋಡಿದ್ದ ಆ ಕಥೆಯ ಪುಟ ಕಟ್ಟಿ ಮುಗಿದ ಮೇಲೆ ಒಂದು ಕೊಡೆಯ ಜಾಹೀರಾತು ಬಂದಿತ್ತು. ಸಂಪಾದಕರು ಊರಲ್ಲಿರಲಿಲ್ಲ. ಮಿಷನ್ನಿನವನು ತಲೆ ಮೇಲೆ ನಿಂತು ಕೂಗಾಡುತ್ತಿದ್ದ. ಕಥೆ ಆರು ಸಾಲು ಹೆಚ್ಚಾಗುತ್ತಿತ್ತು. ನಡುವಿನಿಂದ ತೆಗೆದರೆ ಎಲ್ಲ ಸಾಲುಗಳನ್ನೂ ಸರಿಸಬೇಕು. ಅವಳು ಕೊನೆಯ ಆರು ಸಾಲನ್ನು ಎತ್ತಿ ಪಕ್ಕಕ್ಕಿಟ್ಟಳು. ಮುಂದಿನ ವಾರ ಓದುಗರ ಪತ್ರಗಳು ಬಂದವು. ಎಂಥ ಅಂತ್ಯ, ಏನನ್ನೂ ಹೇಳದೆ ಎಲ್ಲವನ್ನೂ ಹೇಳಿದ ಅಂತ್ಯ, ಎಂದು ಹೊಗಳಿದ್ದರು. ಸಂಪಾದಕರು ಆ ಪತ್ರಗಳನ್ನು ಅಚ್ಚುಹಾಕಿಸಿದರು. ಅವುಗಳ ಕರಡನ್ನು ಅವಳೇ ತಿದ್ದಿದಳು. ಒಳಗೊಳಗೇ ಬೀಗಿದಳು. ಬೇರೆಯವರ ಬರಹದ ನಡುವೆ ಬದುಕು ಸವೆಸಿದವಳಿಗೆ ಇದೊಂದು ತನ್ನದು ಎನ್ನುವ ಗುಟ್ಟು ಇಷ್ಟು ವರ್ಷ ಬೆಚ್ಚಗೆ ಇತ್ತು.

ಈಗ ಅವಳು ನಿಧಾನವಾಗಿ, ತಡೆದು ತಡೆದು ಓದಿದಳು. ಹೆಂಗಸೊಬ್ಬಳು ಗಂಡನ ಮನೆ ಬಿಟ್ಟು ಕೈಮಿಷನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನ ಕೊನೆಯ ಸೀಟಿನಲ್ಲಿ ಕೂರುತ್ತಾಳೆ. ಪಕ್ಕದವರು ಕೇಳುವ ಪ್ರಶ್ನೆಗಳಿಗೆಲ್ಲ ಏನೋ ಒಂದು ಹೇಳಿ ಸಾಗಹಾಕುತ್ತಾಳೆ. ಕಂಡಕ್ಟರ್ ಬಂದು "ಎಲ್ಲಿಗಮ್ಮಾ?" ಎನ್ನುತ್ತಾನೆ. ಅಚ್ಚಾದ ಕೊನೆಯ ಸಾಲು: ಅವಳು ಕಿಟಕಿಯ ಹೊರಗೆ ನೋಡಿದಳು.

ಕರಡಮ್ಮ ಹಾಳೆ ಕೆಳಗಿಟ್ಟಳು. ಅತ್ತಿಗೆ ಕಾಯುತ್ತಿದ್ದರು.

"ಪುಟ ತಿರುಗ್ಸು."

"ಅಷ್ಟೇ ಅಮ್ಮ. ಮುಗೀತು."

"ಮುಗೀತು ಅಂದ್ರೆ? ಎಲ್ಲಿಗೆ ಹೋದ್ಲು?"

"ಅದನ್ನ ಹೇಳಿಲ್ಲ."

ಅತ್ತಿಗೆ ಅಂಗಿಯನ್ನು ಪಕ್ಕಕ್ಕಿಟ್ಟು ಮೈದುನನ ಕಡೆ ತಿರುಗಿದರು. "ಏನೋ ಇದು? ಅವಳನ್ನ ಬಸ್ಸಲ್ಲೇ ಬಿಟ್ಟಿದ್ದೀಯಲ್ಲೋ! ನಾನು ಹಾಗಾ ಹೇಳಿದ್ದು?"

ಟೈಲರ್ ಟೇಪನ್ನು ಬೆರಳಿಗೆ ಸುತ್ತತೊಡಗಿದರು. "ಅತ್ತಿಗೆ, ನಾನು ಬರೆದಿದ್ದೆ. ನೀವು ಹೇಳಿದ ಹಾಗೇ ಬರೆದಿದ್ದೆ. ಪತ್ರಿಕೆಯವರು ಕತ್ತರಿಸಿಬಿಟ್ರು."

"ಅವರು ಕತ್ತರಿಸಿದ್ರೆ ನೀನು ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೇಳಿದ್ರೆ ನೀವು ಮುಂದಿನ ಕಥೆ ಹೇಳೋಲ್ಲ ಅಂತ ಹೆದರಿಕೆ ಆಯ್ತು."

"ಅವಳು ಯಾರು ಗೊತ್ತೇನಮ್ಮ ನಿನಗೆ?" ಅತ್ತಿಗೆ ಈಗ ಕರಡಮ್ಮನಿಗೇ ಹೇಳಿದರು. "ನಮ್ಮ ಸೋದರತ್ತೆ. ನನಗೆ ಕಾಜ ಹೊಲಿಯೋದು ಕಲಿಸಿದವಳು. ಇಪ್ಪತ್ತಾರು ವರ್ಷದಿಂದ ಅವಳನ್ನ ಬಸ್ಸಲ್ಲಿ ಕೂರಿಸಿ ಇಟ್ಟಿದ್ದೀರಲ್ಲ, ಇಳಿಯೋಕೂ ಬಿಡದೆ!"

ಟೈಲರ್ ಮೇಜಿನ ಕೆಳಗಿನಿಂದ ಹಳೆಯ ಅಳತೆ ಪುಸ್ತಕಗಳ ಕಟ್ಟು ತೆಗೆದರು. ಎದೆ, ಸೊಂಟ, ತೋಳುದ್ದಗಳ ಪುಟಗಳನ್ನು ದಾಟಿ, ಹಿಂದಿನಿಂದ ತಿರುಗಿಸಿ ಬರೆದ ಕಥೆ ಸಿಕ್ಕಿತು. ಕೊನೆಯ ಆರು ಸಾಲು ಅಲ್ಲಿದ್ದವು. ಅವರು ಅದನ್ನು ಕರಡಮ್ಮನ ಕೈಗೇ ಕೊಟ್ಟು ಓದಲು ಹೇಳಿದರು. ಆ ಸಾಲುಗಳನ್ನು ಅವಳು ಒಮ್ಮೆ ಸೀಸದ ಅಚ್ಚಿನಲ್ಲಿ ತಲೆಕೆಳಗಾಗಿ ನೋಡಿದ್ದಳು, ಓದಿರಲಿಲ್ಲ.

ಮೂರನೇ ಸ್ಟಾಪಿಗೆ, ಎಂದಳು. ಇಳಿದು, ಮಿಷನ್ನನ್ನು ತಲೆಯ ಮೇಲೆ ಹೊತ್ತು ಬಂದ ದಾರಿಯಲ್ಲೇ ವಾಪಸು ನಡೆದಳು. ಗಂಡನ ಮನೆಯ ಎದುರಿಗೆ ಒಂದು ಕೋಣೆ ಖಾಲಿ ಇತ್ತು, ಅಲ್ಲಿ ಮಿಷನ್ನು ಇಳಿಸಿದಳು. ತಿಂಗಳೊಳಗೆ ಗಂಡ ತೋಳು ಹರಿದ ಅಂಗಿ ಹಿಡಿದು ಬಂದು ಬಾಗಿಲಲ್ಲಿ ನಿಂತ. ಅವಳು ತಲೆಯೆತ್ತದೆ, ಗುರುವಾರ ಬನ್ನಿ, ಎಂದಳು. ಅವನು ಗುರುವಾರ ಬಂದ. ಮುಂದಿನ ಗುರುವಾರ ಬನ್ನಿ, ಎಂದಳು.

"ಹಾಂ" ಎಂದರು ಅತ್ತಿಗೆ. "ಹೀಗೆ ನಾನು ಹೇಳಿದ್ದು."

ಟೈಲರ್ ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಆ ಕಥೆಗೆ ಹೊಗಳಿಕೆ ಬಂದಮೇಲೆ, ದೊಡ್ಡವರು ಮೆಚ್ಚುವುದು ಹೀಗೆ ನಿಲ್ಲಿಸಿದರೇ ಇರಬೇಕೆಂದು ಅವರು ಮುಂದಿನ ನಾಲ್ಕು ಕಥೆಗಳ ಕೊನೆಯನ್ನು ತಾವೇ ಕತ್ತರಿಸಿ ಕಳಿಸಿದ್ದರಂತೆ. ಒಂದರಲ್ಲಿ ಮುದುಕ ಆಕಾಶ ನೋಡುತ್ತಾನೆ, ಒಂದರಲ್ಲಿ ಹುಡುಗಿ ಗೋಡೆ ನೋಡುತ್ತಾಳೆ. "ಆಮೇಲೆ ನನಗೇ ಅಸಹ್ಯ ಆಯ್ತು. ಬಟ್ಟೆಗೆ ಅಂಚು ಮಡಿಸದೆ ಕೊಟ್ಟಹಾಗೆ. ಅದಕ್ಕೇ ಬಿಟ್ಬಿಟ್ಟೆ."

ಕರಡಮ್ಮ ಫಾರಂ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಹೇಳುವುದಾದರೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಪತ್ರಿಕೆ ನಿಂತು ಎಷ್ಟೋ ಕಾಲವಾಗಿತ್ತು, ಸಂಪಾದಕರು ತೀರಿಕೊಂಡಿದ್ದರು. ಪತ್ರಿಕೆಯವರು ಎನ್ನುವ ಮಾತಿನಲ್ಲಿ ಅವಳ ಮುಖ ಕಾಣಿಸುತ್ತಲೂ ಇರಲಿಲ್ಲ. ಎರಡು ದಿನ ಬೇರೆ ಫಾರಂಗಳನ್ನು ತಿದ್ದಿದಳು. ಮೂವತ್ತು ಪುಟದಲ್ಲಿ ಹದಿಮೂರು ತಪ್ಪು ಕಣ್ಣು ತಪ್ಪಿಸಿಕೊಂಡವು. ಹೀಗೆ ಎಂದೂ ಆಗಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಗೆ ನಡೆದಳು. ಟೈಲರ್ ಬಟ್ಟೆ ತರಲು ಹೋಗಿದ್ದರು. ಅತ್ತಿಗೆ ಒಬ್ಬರೇ ಇದ್ದರು.

"ಅಮ್ಮ, ಆ ಆರು ಸಾಲು ತೆಗೆದಿದ್ದು ನಾನೇ."

ಅತ್ತಿಗೆಯ ಸೂಜಿ ಬಟ್ಟೆಯಲ್ಲಿ ಅರ್ಧ ನಿಂತಿತು. "ನೀನಾ?"

"ಹೌದು. ಆಗ ಹೊಸಬಳು. ಒಂದು ಜಾಹೀರಾತಿಗೆ ಜಾಗ ಬೇಕಿತ್ತು."

"ಯಾವುದರ ಜಾಹೀರಾತು?"

"ಕೊಡೇದು."

"ಕೊಡೆಗೋಸ್ಕರ!" ಅತ್ತಿಗೆಗೆ ನಗು ಬಂದಂತೆ ಕಂಡಿತು, ಆದರೆ ಬರಲಿಲ್ಲ. "ತೆಗೆಯೋ ಮುಂಚೆ ಓದಿದ್ಯಾ?"

"ಇಲ್ಲ."

"ಆಮೇಲೆ?"

ಕರಡಮ್ಮ ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಆದರೂ ಹೇಳಿದಳು. "ಆಮೇಲೆ ಜನ ಹೊಗಳಿದ್ರು. ನಾನು ಕತ್ತರಿಸಿದ್ರಿಂದ್ಲೇ ಕಥೆ ಗೆದ್ದಿತು ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

"ಈಗ?"

"ಈಗ ನಿಮ್ಮದೇ ಚೆನ್ನಾಗಿದೆ ಅನ್ಸುತ್ತೆ."

"ನನಗೆ ಸಮಾಧಾನ ಆಗ್ಲಿ ಅಂತ ಹೇಳ್ಬೇಡ."

"ಇಲ್ಲಮ್ಮ. ಆ ಗಂಡ ಹರಿದ ಅಂಗಿ ಹಿಡ್ಕೊಂಡು ನಿಂತಿರೋದು ಎರಡು ದಿನದಿಂದ ಕಣ್ಣ ಮುಂದಿಂದ ಹೋಗ್ತಿಲ್ಲ."

ಅತ್ತಿಗೆ ಸ್ವಲ್ಪ ಹೊತ್ತು ಹೊಲಿದರು. ಕಾಜದ ಒಂದು ಅಂಚು ಮುಗಿಸಿ ತಿರುಗಿಸಿದರು. "ನಿನ್ನ ಮೇಲೆ ಸಿಟ್ಟು ಬರಬೇಕು, ಸರಿಯಾಗಿ ಬರ್ತಿಲ್ಲ" ಎಂದರು. "ಅವನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ, ಎಲ್ಲ ಅಲ್ಲೇ ಖರ್ಚಾಯ್ತು. ನಿನ್ನಿಂದ ಅವನು ಕೆಟ್ಟ, ಅದು ಬೇರೆ ಮಾತು. ಆಕಾಶ ನೋಡೋ ಮುದುಕನಂತೆ! ಆ ಮುದುಕ ಬಾವಿಗೆ ಹಗ್ಗ ಬಿಟ್ಟು ಎಮ್ಮೆ ಕರುವನ್ನ ಎತ್ತಿದವನು." ಆಮೇಲೆ ಕೇಳಿದರು: "ಈಗ ಏನು ಮಾಡ್ತೀಯ?"

ಏನು ಮಾಡಬಹುದೆಂದು ಕರಡಮ್ಮ ದಾರಿಯಲ್ಲೇ ಯೋಚಿಸಿದ್ದಳು. ಕೋಶದಲ್ಲಿ ಪ್ರತಿಯೊಬ್ಬರ ಪರಿಚಯದ ಕೆಳಗೆ ಅವರ ಬರಹದ ಒಂದು ತುಣುಕು ಹಾಕಲು ಚೌಕಟ್ಟು ಇತ್ತು. ಅದರಲ್ಲಿ ಆ ಆರು ಸಾಲು ಹಾಕುತ್ತೇನೆ, ಮೊದಲ ಸಲ ಅಚ್ಚಾಗುವಾಗ ಬಿಟ್ಟುಹೋಗಿದ್ದ ಸಾಲುಗಳು ಎಂದು ಕೆಳಗೆ ಬರೆಯುತ್ತೇನೆ, ಎಂದಳು. "ಬಿಟ್ಟುಹೋಗಿದ್ದ ಅಲ್ಲ, ತೆಗೆದುಹಾಕಿದ್ದ ಅಂತ ಬರಿ" ಎಂದರು ಅತ್ತಿಗೆ. "ಮತ್ತೆ ನನ್ನ ಹೆಸರೂ ಹಾಕು. ಓದೋಕೆ ಬರೋಲ್ಲ ಅಂತಾನೂ ಹಾಕು. ಆದರೆ ಆ ಗೋಡೆ, ಆಕಾಶದ ನಾಲ್ಕು ಕಥೆ ನನ್ನವಲ್ಲ ಅಂತ ಸ್ಪಷ್ಟವಾಗಿ ಇರಬೇಕು. ಅವು ಅವನವು. ಬೇಕಾದ್ರೆ ಅವನೇ ಇಟ್ಕೊಳ್ಳಲಿ."

ಅಧ್ಯಕ್ಷರು ಒಪ್ಪಲಿಲ್ಲ. ದನದ ಡಾಕ್ಟರು ಕೆಟ್ಟವರಲ್ಲ, ಆದರೆ ಬಳಗಕ್ಕೆ ಒಂದು ಘನತೆ ಇದೆ ಎಂದು ನಂಬಿದವರು. "ಲೇಖಕರ ಪರಿಚಯ ಕೋಶ ಇದು ಕರಡಮ್ಮ. ಲೇಖಕ ಅಂದ್ರೆ ಬರೆಯೋನು. ಆ ತಾಯಿಗೆ ನನ್ನ ನಮಸ್ಕಾರ, ಆದರೆ ಅಕ್ಷರ ಬಾರದವರನ್ನ ಸೇರಿಸಿದ್ರೆ ನಾಳೆ ನಮ್ಮ ಗತಿ?"

"ಟೈಲರ್ ಅಕ್ಷರ ಬರೆದ್ರು, ಆ ತಾಯಿ ಕಥೆ ಮಾಡಿದ್ರು. ನಾನು ತಿದ್ದೋಳು, ಸುಳ್ಳು ಅಂತ ಗೊತ್ತಿದ್ದೂ ಹೇಗೆ ಬಿಡ್ಲಿ ಸಾರ್?" ಎಂದಳು ಕರಡಮ್ಮ.

"ನೋಡೋಣ, ಕೊನೇ ಕರಡಿನಲ್ಲಿ ನೋಡೋಣ" ಎಂದು ಅವರು ಮಾತು ಮುಗಿಸಿದರು.

ಕೊನೆಯ ಕರಡು ಬಂತು. ಎರಡೆಳೆಯ ಪುಟ ಅತ್ತಿಗೆ ಹೇಳಿದಂತೆಯೇ ಇತ್ತು. ಕರಡಮ್ಮ ಅದನ್ನು ಮುಚ್ಚಿಡಲೂ ಇಲ್ಲ, ಎತ್ತಿ ತೋರಿಸಲೂ ಇಲ್ಲ. ಕಟ್ಟನ್ನು ಪೂರ್ತಿಯಾಗಿ ಅಧ್ಯಕ್ಷರ ಮುಂದಿಟ್ಟಳು. ಅವರು ತಮ್ಮ ಪುಟ ಎಲ್ಲಿದೆಯೆಂದು ಹುಡುಕಿದರು. ಅವರ ಫಾರಂ ಏಳು ಪುಟ ಬಂದಿತ್ತು, ಅರ್ಧ ಪುಟಕ್ಕೆ ಇಳಿದಿತ್ತು. ಒಂದೂವರೆ ಗಂಟೆ ಅದೇ ಅರ್ಧ ಪುಟದ ಮೇಲೆ ಬಗ್ಗಿಕೊಂಡಿದ್ದರು. 'ಭಾವುಕ ಕವಿ' ಎಂಬುದನ್ನು 'ಭಾವಜೀವಿ ಕವಿ' ಎಂದು ಮಾಡಿಸಿದರು, ಮತ್ತೆ ಮೊದಲಿನಂತೆ ಮಾಡಿಸಿದರು. ಆಮೇಲೆ ಗಡಿಯಾರ ನೋಡಿ, ಉಳಿದದ್ದನ್ನೆಲ್ಲ ನೀನು ನೋಡಿದ್ದೀಯಲ್ಲ ಎಂದು ಮೊದಲ ಹಾಳೆಯ ಮೇಲೆ ಸಹಿ ಹಾಕಿ ಎದ್ದರು.

ಪುಸ್ತಕ ಬಂತು. ಬಿಡುಗಡೆಯ ಸಭೆಗೆ ಟೈಲರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅತ್ತಿಗೆ ಬರಲಿಲ್ಲ, ಶಾಲೆಯ ಸಮವಸ್ತ್ರದ ಕೆಲಸ ತಲೆಯ ಮೇಲಿತ್ತು. ವೇದಿಕೆಯಲ್ಲಿ ಕೂತು ಪುಟ ತಿರುವುತ್ತಿದ್ದ ಅಧ್ಯಕ್ಷರ ಕೈ ಒಂದು ಕಡೆ ನಿಂತಿದ್ದನ್ನು ಕರಡಮ್ಮ ಹಿಂದಿನ ಸಾಲಿನಿಂದ ನೋಡಿದಳು. ಅವರು ಅವಳನ್ನು ಹುಡುಕಿದರು. ಅವಳು ಎದ್ದು ನಿಂತಳು, ಮತ್ತೆ ಕೂತಳು. ಮರುದಿನ ಪ್ರೆಸ್ಸಿಗೆ ಬಂದು ಅವರು ಕೂಗಾಡಿದ್ದು ನಿಜ. ಸಹಿ ತಮ್ಮದೇ ಎನ್ನುವುದು ನೆನಪಾದ ಮೇಲೆ ದನಿ ತಗ್ಗಿಸಿದರು. ಬಳಗದ ಮುಂದಿನ ಸಭೆಯಲ್ಲಿ ಎರಡು ಗಂಟೆ ಚರ್ಚೆಯಾಯಿತು. ಹೇಳುವವರೂ ಲೇಖಕರೇ ಎಂದು ಹನ್ನೊಂದು ಜನ, ಅಲ್ಲ ಎಂದು ಹದಿನಾಲ್ಕು ಜನ. ಪತ್ತೇದಾರಿ ನರ್ಸು ಪಾಳಿಗೆ ಹೊತ್ತಾಯಿತೆಂದು ಕೈಯೆತ್ತದೆ ಎದ್ದುಹೋದಳು. ಆದರೆ ಅಚ್ಚಾದ ಪುಸ್ತಕ ಅಚ್ಚಾಗಿತ್ತು. ಅದನ್ನು ಹಿಂದಕ್ಕೆ ಕರೆಸಬೇಕೆಂದು ಯಾರೂ ಹೇಳಲಿಲ್ಲ. ಪ್ರತಿಯೊಬ್ಬರ ಅರ್ಧ ಪುಟವೂ ಅದರಲ್ಲೇ ಇತ್ತಲ್ಲ.

ಕಾಲೇಜಿನ ಮೇಷ್ಟ್ರೊಬ್ಬರು ಮಾತ್ರ ಕೋಶವನ್ನು ಕಂಕುಳಲ್ಲಿ ಇಟ್ಟುಕೊಂಡು ಪ್ರೆಸ್ಸಿಗೆ ಬಂದರು. ಹದಿನೆಂಟು ವರ್ಷ 'ಕೊನೆಯ ಸೀಟು' ಪಾಠ ಮಾಡಿದವರು. "ಆ ಕಿಟಕಿಯ ಬಗ್ಗೆ ನಾನೊಂದು ಪ್ರಬಂಧವನ್ನೇ ಬರೆದಿದ್ದೀನಿ. ಈಗ ಮಕ್ಕಳಿಗೆ ಏನು ಹೇಳ್ಲಿ?" ಎಂದರು. ಸಿಟ್ಟಿಗಿಂತ ಅವರ ದನಿಯಲ್ಲಿ ಏನನ್ನೋ ಕಳೆದುಕೊಂಡವರ ಸಪ್ಪೆತನ ಇತ್ತು. ಕರಡಮ್ಮ ಕುರ್ಚಿ ಎಳೆದು ಕೂರಿಸಿ, ಕೊಡೆಯ ಜಾಹೀರಾತಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಎರಡನೆಯವರಿಗೆ ಹೇಳುವಾಗ ಮೊದಲಿನಷ್ಟು ಕಷ್ಟವಾಗಲಿಲ್ಲ. ಎರಡು ಕೊನೆಯನ್ನೂ ಓದಿ ಹೇಳಿ, ಯಾವುದು ಬೇಕೋ ಮಕ್ಕಳೇ ಆರಿಸ್ಕೊಳ್ಳಲಿ, ಎಂದಳು.

ಮೇಷ್ಟ್ರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ವಿಳಾಸ ಕೇಳಿಕೊಂಡು ಟೈಲರ್ ಅಂಗಡಿಗೇ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಟೈಲರ್ ಹೇಳಿದರು. ಮೇಷ್ಟ್ರು ಅತ್ತಿಗೆಯ ಎದುರು ಮುಕ್ಕಾಲಿಯ ಮೇಲೆ ಕೂತು, ಕಂಡಕ್ಟರ್ ಕೇಳಿದಾಗ ಆಕೆ ಕಿಟಕಿಯ ಹೊರಗೆ ನೋಡುವುದರಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಬಹಳ ವಿನಯದಿಂದ ಕೇಳಿದರಂತೆ. ಅತ್ತಿಗೆ ಯೋಚನೆ ಮಾಡಿಯೇ ಉತ್ತರ ಕೊಟ್ಟರಂತೆ: "ಮೂರನೇ ಸ್ಟಾಪು ದಾಟಿಹೋಯ್ತೇನೋ ಅಂತ ನೋಡಿದ್ಲಪ್ಪ."

ಮೇಷ್ಟ್ರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಎದ್ದರು. ಬಾಗಿಲವರೆಗೆ ಹೋದವರು ಏನೋ ಹೊಳೆದಂತೆ ವಾಪಸು ಬಂದು, ಎರಡು ಪ್ಯಾಂಟಿಗೆ ಅಳತೆ ಕೊಟ್ಟು ಹೋದರು.